ಮಿತವ್ಯಯದ ಸುತ್ತೋಲೆ ಬಂದಾಗ ವಿಭಾಗದಲ್ಲಿ ಮೊದಲು ಮಾಡಬೇಕಾದ್ದು

ಅನುದಾನ ಕಡಿಮೆಯಾದ ವರ್ಷ ವಿಶ್ವವಿದ್ಯಾಲಯದ ಆಡಳಿತ ಕಚೇರಿಯಿಂದ ಬರುವ ಸುತ್ತೋಲೆಗಳ ಒಕ್ಕಣೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಅನಗತ್ಯ ವೆಚ್ಚ ನಿಲ್ಲಿಸಿ, ಖರೀದಿ ಮುಂದೂಡಿ, ಅತಿಥಿ ಉಪನ್ಯಾಸಕರ ಸಂಖ್ಯೆ ಮಿತಿಯಲ್ಲಿಡಿ. ಯಾವುದು ಅನಗತ್ಯ ಅಂತ ಅದರಲ್ಲಿ ಬರೆದಿರುವುದಿಲ್ಲ. ಹಾಗಾಗಿ ಒಬ್ಬ ವಿಭಾಗಾಧ್ಯಕ್ಷರು ಪ್ರಿಂಟರ್ ಕಾಗದ ನಿಲ್ಲಿಸುತ್ತಾರೆ, ಇನ್ನೊಬ್ಬರು ಲ್ಯಾಬಿನ ರಾಸಾಯನಿಕ ನಿಲ್ಲಿಸುತ್ತಾರೆ, ಮತ್ತೊಬ್ಬರು ಸುತ್ತೋಲೆಯನ್ನು ಕಡತಕ್ಕೆ ಸೇರಿಸಿ ಸುಮ್ಮನಾಗುತ್ತಾರೆ. ಮೂವರೂ ಒಂದೇ ಆದೇಶ ಪಾಲಿಸಿದಂತೆ ಲೆಕ್ಕ.

ಇಂಥ ಪತ್ರದಲ್ಲಿ ನಾಲ್ಕು ಸಂಗತಿ ಇರಲೇಬೇಕು: ಯಾವ ಲೆಕ್ಕಶೀರ್ಷಿಕೆಯಲ್ಲಿ (ಖರ್ಚಿನ ಬಾಬತ್ತಿನಲ್ಲಿ) ಎಷ್ಟು ಕಡಿತ, ತೀರ್ಮಾನ ಯಾವ ಪ್ರಾಧಿಕಾರದ್ದು, ಯಾವ ದಿನಾಂಕದಿಂದ ಜಾರಿ, ಮತ್ತು ಯಾವುದನ್ನು ಮುಟ್ಟುವುದಿಲ್ಲ. ನಾಲ್ಕನೆಯದನ್ನು ಬರೆಯುವವರು ತೀರಾ ಕಡಿಮೆ. ಆದರೆ ಕೆಳಗಿನವರು ಧೈರ್ಯವಾಗಿ ಕೆಲಸ ಮಾಡಲು ಬೇಕಾದದ್ದು ಅದೇ. ಸಂಶೋಧನಾ ವಿದ್ಯಾರ್ಥಿವೇತನ, ಪರೀಕ್ಷೆ, ಹಾಸ್ಟೆಲ್ ಊಟ ಮತ್ತು ನೀರು, ಲ್ಯಾಬ್ ಸುರಕ್ಷತೆ ಇವು ಕಡಿತದ ಹೊರಗೆ ಎಂಬ ಒಂದು ಸಾಲು ಹಾಕಿದರೆ ಅರ್ಧ ಗಾಳಿಮಾತು ಅಲ್ಲಿಗೇ ನಿಲ್ಲುತ್ತದೆ.

ಯಾರ ತೀರ್ಮಾನ ಎಂಬುದೂ ಬರೀ ಔಪಚಾರಿಕತೆಯಲ್ಲ. ಆಯವ್ಯಯ ಹಣಕಾಸು ಸಮಿತಿಯ ಮುಂದೆ ಬಂದು, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ಗೆ ಹೋಗುತ್ತದೆ. ಪಠ್ಯಕ್ರಮದ ವಿಷಯ ಆಯಾ ವಿಷಯದ ಅಧ್ಯಯನ ಮಂಡಳಿಯಿಂದ ಹೊರಟು ನಿಕಾಯ (ಫ್ಯಾಕಲ್ಟಿ) ದಾಟಿ ವಿದ್ಯಾವಿಷಯಕ ಪರಿಷತ್ತಿಗೆ ಹೋಗುತ್ತದೆ. ಹಣ ಇಲ್ಲ ಎಂಬ ಕಾರಣಕ್ಕೆ ಐಚ್ಛಿಕ ಪತ್ರಿಕೆಯೊಂದನ್ನು ಕೈಬಿಟ್ಟರೆ ಅದು ಹಣಕಾಸಿನ ತೀರ್ಮಾನವೂ ಹೌದು, ಪಠ್ಯಕ್ರಮದ ತೀರ್ಮಾನವೂ ಹೌದು. ಎರಡನೆಯ ದಾರಿಯಲ್ಲಿ ಹೋಗದೆ ಕೈಬಿಟ್ಟರೆ ಅಂಕಪಟ್ಟಿ ಮುದ್ರಿಸುವ ಹೊತ್ತಿಗೆ ಪತ್ರಿಕೆಯ ಕೋಡ್ ಹೊಂದಾಣಿಕೆಯಾಗದೆ ಫಲಿತಾಂಶ ತಡೆಹಿಡಿಯಬೇಕಾಗುತ್ತದೆ. ತುರ್ತಿದ್ದಾಗ ಕುಲಪತಿಗಳೇ ಆದೇಶ ಮಾಡಿ, ನಂತರ ಸಂಬಂಧಪಟ್ಟ ಪ್ರಾಧಿಕಾರಕ್ಕೆ ವರದಿ ಮಾಡಲು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರಲ್ಲಿ ಅವಕಾಶ ಇದೆ. ಹಾಗೆ ಮಾಡಿದ್ದರೆ ಘಟನೋತ್ತರ ಅನುಮೋದನೆಯ ಸಭೆಯ ದಿನಾಂಕವನ್ನು ಮುಂದಿನ ಪತ್ರದಲ್ಲಿ ತಿಳಿಸುವುದು ಒಳ್ಳೆಯದು.

ನಮ್ಮ ಕಡೆ ಹಣ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿದ್ದರೆ ಕಡಿತ ಎಲ್ಲಿ ತಾಗುತ್ತದೆ ಎಂಬುದೂ ಗೊತ್ತಾಗುತ್ತದೆ. 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಮೊದಲು ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳೂ ಇದ್ದವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆದಮೇಲೆ ಆ ಕಾಲೇಜುಗಳ ಪರೀಕ್ಷಾ ಶುಲ್ಕ, ಸಂಯೋಜನಾ (ಅಫಿಲಿಯೇಷನ್) ಶುಲ್ಕ ಅತ್ತ ಹೋಯಿತು. ಕಾಯಂ ನೌಕರರ ಸಂಬಳಕ್ಕೆ ಸರ್ಕಾರದ ಅನುದಾನ ಬರುತ್ತದೆ. ಅತಿಥಿ ಉಪನ್ಯಾಸಕರು, ಹೊರಗುತ್ತಿಗೆ ಸಿಬ್ಬಂದಿ, ದುರಸ್ತಿ ಇವೆಲ್ಲ ಬಹುಮಟ್ಟಿಗೆ ಆಂತರಿಕ ಸಂಪನ್ಮೂಲದ ಮೇಲೆ ನಿಂತಿವೆ. ಆ ಸಂಪನ್ಮೂಲದ ದೊಡ್ಡ ಪಾಲು ಪರೀಕ್ಷೆಯದು. ಪದವಿ ಕಾಲೇಜುಗಳಲ್ಲಿ ದಾಖಲಾತಿ ಇಳಿದರೆ ಮೊದಲು ಪೆಟ್ಟು ಬೀಳುವುದು ಇಲ್ಲಿಗೆ.

ಪರೀಕ್ಷೆಯ ಖರ್ಚಾದರೋ ದಾಖಲಾತಿಯ ಜೊತೆ ಇಳಿಯುವುದಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಅದಕ್ಕೂ ಹಿಂದಿನ ಪಠ್ಯಕ್ರಮದಲ್ಲಿ ಫೇಲಾಗಿ ಉಳಿದವರೂ ಇದ್ದಾರೆ. ಒಂದು ಪತ್ರಿಕೆಗೆ ಐದೇ ಜನ ಕೂತರೂ ಪ್ರಶ್ನೆಪತ್ರಿಕೆ ತಯಾರಿ, ಪರಿಶೀಲನಾ ಮಂಡಳಿಯ ಸಭೆ, ಮುದ್ರಣ, ಗೋಪ್ಯ ಸಾಗಣೆ ಯಾವುದೂ ತಪ್ಪುವುದಿಲ್ಲ. ಇಲ್ಲಿ ನಿಜವಾದ ಉಳಿತಾಯಕ್ಕೆ ಒಂದು ದಾರಿ ಇದೆ. ಹಳೆಯ ಮತ್ತು ಹೊಸ ಪತ್ರಿಕೆಗಳ ಸಮಾನತಾ ಪಟ್ಟಿಯನ್ನು ಅಧ್ಯಯನ ಮಂಡಳಿ ಬೇಗ ಮಾಡಿಕೊಟ್ಟರೆ ಎರಡು ಪಠ್ಯಕ್ರಮದ ವಿದ್ಯಾರ್ಥಿಗಳಿಗೆ ಒಂದೇ ಪ್ರಶ್ನೆಪತ್ರಿಕೆ ಸಾಕು. ಇದಕ್ಕೆ ಬೇಕಿರುವುದು ಒಂದು ದಿನದ ಸಭೆ. ಮಿತವ್ಯಯದ ಚರ್ಚೆಗಳಲ್ಲಿ ಇದು ಮೇಲಿನ ಸಾಲಿನಲ್ಲಿ ಇರಬೇಕಿತ್ತು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಅತಿಥಿ ಉಪನ್ಯಾಸಕರ ವಿಷಯಕ್ಕೆ ಬಂದರೆ, ಇಷ್ಟು ಜನ ಬೇಕೇಬೇಕು ಎಂದು ಬರೆದ ಪತ್ರ ತಿರಸ್ಕೃತವಾಗುತ್ತದೆ, ಗಂಟೆಗಳ ಲೆಕ್ಕ ಬರೆದ ಪತ್ರ ಚರ್ಚೆಗೆ ಬರುತ್ತದೆ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮದಂತೆ ವಾರಕ್ಕೆ ನೇರ ಬೋಧನೆ ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆ, ಸಹ ಪ್ರಾಧ್ಯಾಪಕರು ಮತ್ತು ಪ್ರಾಧ್ಯಾಪಕರಿಗೆ 14. ಒಂದು ಎಂಎಸ್ಸಿ ವಿಭಾಗ ತಗೊಳ್ಳಿ. ಒಂದು ಹೊತ್ತಿಗೆ ಎರಡು ಸೆಮಿಸ್ಟರ್ ನಡೆಯುತ್ತವೆ. ಸೆಮಿಸ್ಟರಿಗೆ ನಾಲ್ಕು ಥಿಯರಿ ಪತ್ರಿಕೆ, ತಲಾ ನಾಲ್ಕು ಗಂಟೆ ಅಂದರೆ ಒಟ್ಟು 32. ಪ್ರಾಯೋಗಿಕವೂ ಸೆಮಿಸ್ಟರಿಗೆ 16 ಗಂಟೆ, ಮೂವತ್ತು ವಿದ್ಯಾರ್ಥಿಗಳನ್ನು ಎರಡು ಬ್ಯಾಚ್ ಮಾಡಿದರೆ ಎರಡು ಸೆಮಿಸ್ಟರಿಗೆ 64. ಎರಡೂ ಕೂಡಿದರೆ 96. ಒಬ್ಬ ಪ್ರಾಧ್ಯಾಪಕರು, ಇಬ್ಬರು ಸಹಾಯಕ ಪ್ರಾಧ್ಯಾಪಕರು ಇದ್ದರೆ ತುಂಬುವುದು 46. ಉಳಿದ 50 ಗಂಟೆಗೆ ಜನ ಬೇಕು. ಕೊಡುವುದಿಲ್ಲ ಎಂದಾದರೆ ಆಗುವುದು ಒಂದೇ: ಎರಡು ಬ್ಯಾಚ್ ಕೂಡಿಸಿ ಮೂವತ್ತು ಜನರನ್ನು ಒಟ್ಟಿಗೆ ಲ್ಯಾಬಿಗೆ ಬಿಡುವುದು. ಆಗಲೂ 64 ಗಂಟೆ ಇರುತ್ತದೆ, 18 ಗಂಟೆಯ ಕೊರತೆ ಹಾಗೇ ಉಳಿಯುತ್ತದೆ. ವಿಷಾನಿಲ ಹೊರಗೆಳೆಯುವ ಒಂದು ಫ್ಯೂಮ್ ಹುಡ್‌ನ ಮುಂದೆ ಮೂವತ್ತು ಜನ ನಿಂತರೆ ಏನಾಗುತ್ತದೆ ಎಂಬುದನ್ನೂ ಅದೇ ಪತ್ರದಲ್ಲಿ ಬರೆಯಿರಿ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಯುಜಿಸಿಯ 2022ರ ಪಿಎಚ್‌ಡಿ ನಿಯಮದಂತೆ ಹೊಸ ಪಿಎಚ್‌ಡಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಖಾಲಿ ಹುದ್ದೆ ತುಂಬದಿದ್ದರೆ ಸಂಶೋಧನಾ ಸೀಟುಗಳು ಯಾವ ವರ್ಷ ಎಷ್ಟು ಇಳಿಯುತ್ತವೆ ಎಂದು ಈಗಲೇ ಎಣಿಸಿ ಹೇಳಬಹುದು.

ಇನ್ನು ಕರೆಂಟು. ವಿದ್ಯುತ್ ಪೂರೈಸುವ ಮೆಸ್ಕಾಂನ ಎಚ್‌ಟಿ (ಹೆಚ್ಚಿನ ವೋಲ್ಟೇಜಿನ) ಸಂಪರ್ಕ ಇರುವ ಆವರಣದಲ್ಲಿ ಬಿಲ್ಲು ಎರಡು ಭಾಗ: ಬಳಸಿದ ಯೂನಿಟ್ಟಿನದು ಒಂದು, ಒಮ್ಮೆಗೆ ಎಷ್ಟು ಹೊರೆ ಎಳೆಯುತ್ತೇವೆ ಎಂಬುದರ ಮೇಲೆ ಕೆವಿಎ ಲೆಕ್ಕದಲ್ಲಿ ಹಾಕುವ ಡಿಮ್ಯಾಂಡ್ ಶುಲ್ಕ ಇನ್ನೊಂದು. ಫ್ಯಾನು ದೀಪ ಆರಿಸಿದರೆ ಮೊದಲನೆಯದು ಮಾತ್ರ ಇಳಿಯುತ್ತದೆ. ಕಾಂಟ್ರಾಕ್ಟ್ ಡಿಮ್ಯಾಂಡ್, ಅಂದರೆ ಮೆಸ್ಕಾಂ ಜೊತೆ ಒಪ್ಪಂದ ಮಾಡಿಕೊಂಡ ಹೊರೆ, ಅಗತ್ಯಕ್ಕಿಂತ ಹೆಚ್ಚಿದ್ದರೆ ಬಳಸದಿದ್ದರೂ ಅದರ ನಿಗದಿತ ಪ್ರಮಾಣಕ್ಕೆ ಕಟ್ಟಲೇಬೇಕು. ಹನ್ನೆರಡು ತಿಂಗಳ ಬಿಲ್ಲು ತೆಗೆದು ದಾಖಲಾದ ಗರಿಷ್ಠ ಡಿಮ್ಯಾಂಡ್ ನೋಡಿ, ಕಡಿಮೆ ಮಾಡಲು ಅರ್ಜಿ ಹಾಕಬೇಕು. ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲನ್ನು ಹೇಳುವ ಪವರ್ ಫ್ಯಾಕ್ಟರ್ 0.90ಕ್ಕಿಂತ ಕೆಳಗಿಳಿದರೆ ದಂಡವೂ ಸೇರುತ್ತದೆ. ಅದನ್ನು ಸರಿಯಾಗಿಡುವ ಕೆಪಾಸಿಟರ್ ಕೆಟ್ಟಾಗ ಬದಲಿಸುವ ಖರ್ಚನ್ನು ಮಿತವ್ಯಯದ ಹೆಸರಲ್ಲಿ ತಡೆದರೆ ಪ್ರತಿ ತಿಂಗಳೂ ದಂಡ ಕಟ್ಟುತ್ತಿರಬೇಕು.

ಮಲೆನಾಡಿನಲ್ಲಿ ಇದಕ್ಕಿಂತ ಗಂಭೀರವಾದದ್ದು ಉಪಕರಣದ ಕೋಣೆ. ಇನ್‌ಫ್ರಾರೆಡ್ ಬೆಳಕಿನಿಂದ ವಸ್ತುವನ್ನು ಗುರುತಿಸುವ ಎಫ್‌ಟಿಐಆರ್ ಯಂತ್ರದ ಒಳಗಿನ, ಬೆಳಕನ್ನು ಎರಡಾಗಿ ಒಡೆಯುವ ಬೀಮ್ ಸ್ಪ್ಲಿಟರ್ ಸಾಮಾನ್ಯವಾಗಿ ಪೊಟ್ಯಾಸಿಯಂ ಬ್ರೋಮೈಡಿನದು. ಅದು ಉಪ್ಪು, ತೇವ ಹೀರುತ್ತದೆ. ಯಂತ್ರದೊಳಗೆ ತೇವ ಹೀರಲೆಂದು ಇಟ್ಟ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿತೆಂದರೆ ಅದರ ಕೆಲಸ ಮುಗಿಯಿತು, ತೆಗೆದು ಓವನ್ನಿನಲ್ಲಿ ಒಣಗಿಸಿ ಹಾಕಬೇಕು ಅಥವಾ ಹೊಸದು ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಇದು ಬೇಗ ಬೇಗ ಆಗುತ್ತದೆ. ರಜೆಯಲ್ಲಿ ಎಸಿಯನ್ನೂ ಡಿಹ್ಯುಮಿಡಿಫೈಯರನ್ನೂ ಬಂದ್ ಮಾಡಿಸಿದರೆ ಬೀಮ್ ಸ್ಪ್ಲಿಟರ್ ಮಬ್ಬಾಗಿ ಸಿಗ್ನಲ್ ಕುಸಿಯುತ್ತದೆ. ಮೈಕ್ರೋಸ್ಕೋಪಿನ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ, ಒಮ್ಮೆ ಗಾಜಿನ ಲೇಪ ತಿಂದರೆ ಒರೆಸಿ ಸರಿಮಾಡಲಾಗುವುದಿಲ್ಲ. ಸಸ್ಯಶಾಸ್ತ್ರದ ಹರ್ಬೇರಿಯಂ (ಒಣಗಿಸಿ ಅಂಟಿಸಿಟ್ಟ ಗಿಡದ ಮಾದರಿ) ಹಾಳೆಗಳ ಗತಿಯೂ ಅದೇ. ಪಶ್ಚಿಮ ಘಟ್ಟದಲ್ಲಿ ದಶಕಗಳ ಹಿಂದೆ ಸಂಗ್ರಹಿಸಿದ ಒಂದು ಮಾದರಿ ಹೋದರೆ, ಆ ಕಾಡೇ ಈಗ ಇಲ್ಲದಿರಬಹುದು. ಈ ಕೋಣೆಗಳ ವಿದ್ಯುತ್ತಿಗೆ ವಿನಾಯಿತಿ ಬೇಕೆಂದು ಮೇ ತಿಂಗಳಲ್ಲೇ, ಕೋಣೆ ಸಂಖ್ಯೆ ಸಮೇತ ಬರೆದು ಕೇಳಬೇಕು.

ಇದೇ ಹೊತ್ತಿಗೆ ಮೇಲಿನ ಹುದ್ದೆಗಳು ಬದಲಾದರೆ ಗೊಂದಲ ಇಮ್ಮಡಿಯಾಗುತ್ತದೆ. ಕುಲಪತಿಗಳ ಅವಧಿ ನಾಲ್ಕು ವರ್ಷ. ಮುಂದಿನವರ ನೇಮಕ ತಡವಾದರೆ ರೂಢಿಯಂತೆ ಹಿರಿಯ ಡೀನ್ ಹಂಗಾಮಿಯಾಗುತ್ತಾರೆ. ಕುಲಸಚಿವರು ಅಥವಾ ಹಣಕಾಸು ಅಧಿಕಾರಿ ಬದಲಾದಾಗ ಶುಭಾಶಯದ ಚಿತ್ರ ಅದೇ ದಿನ ಎಲ್ಲರ ಮೊಬೈಲಿಗೂ ಬರುತ್ತದೆ, ಆದರೆ ಬ್ಯಾಂಕಿಗೆ ಮಾದರಿ ಸಹಿ ಹೋಗುವುದು, ಡಿಜಿಟಲ್ ಸಹಿಯ ಕೀ ಹೊಸಬರ ಹೆಸರಿಗೆ ಆಗುವುದು ತಡ. ಆ ನಡುವಿನ ದಿನಗಳಲ್ಲಿ ಅತಿಥಿ ಉಪನ್ಯಾಸಕರ ಗೌರವಧನ, ಸಂಶೋಧಕರ ಫೆಲೋಶಿಪ್ ನಿಂತಿರುತ್ತದೆ. ಹೊಸಬರು ಬಂದ ಪ್ರಕಟಣೆಯಲ್ಲೇ ಯಾವ ದಿನದಿಂದ ಬಿಲ್ಲುಗಳು ಪಾಸಾಗುತ್ತವೆ, ಅಲ್ಲಿಯವರೆಗೆ ಯಾರನ್ನು ಕೇಳಬೇಕು ಎಂದು ಬರೆಯಬೇಕು. ಹೊಸನಗರದಿಂದಲೋ ತೀರ್ಥಹಳ್ಳಿಯಿಂದಲೋ ಎರಡು ಬಸ್ ಬದಲಿಸಿ ವಿಶ್ವವಿದ್ಯಾಲಯ ಇರುವ ಶಂಕರಘಟ್ಟಕ್ಕೆ ಬಂದು, ಸಾಹೇಬರು ಇನ್ನೂ ಚಾರ್ಜ್ ತಗೊಂಡಿಲ್ಲ ಎಂಬ ಮಾತು ಕೇಳಿ ವಾಪಸ್ ಹೋಗುವ ಹುಡುಗಿಗೆ ಒಂದು ದಿನದ ಪಾಠ ಹೋಗುತ್ತದೆ.

ವಿಭಾಗದ ಮಟ್ಟದಲ್ಲಿ ಸುತ್ತೋಲೆ ಬಂದ ವಾರದೊಳಗೆ ಒಂದು ಬಾಧ್ಯತಾ ಪಟ್ಟಿ ಮಾಡಿಡಿ: ಈಗಾಗಲೇ ಕೊಟ್ಟ ಖರೀದಿ ಆದೇಶ, ಅದರ ಸಂಖ್ಯೆ, ಸಾಮಾನು ಬಂದಿದೆಯೇ, ಬಿಲ್ಲು ಎಲ್ಲಿ ನಿಂತಿದೆ. ಆದೇಶ ಹೋಗಿ ಸಾಮಾನು ಬಂದಮೇಲೆ ಖರೀದಿ ಮುಂದೂಡಿ ಎಂಬ ಮಾತು ಅನ್ವಯಿಸುವುದಿಲ್ಲ, ಆದರೆ ಅದನ್ನು ತೋರಿಸಲು ದಾಖಲೆ ಬೇಕು. ಯೋಜನಾ ಅನುದಾನದ ಹಣ ಬೇರೆ ಖಾತೆಯಲ್ಲಿದ್ದರೆ ಅದನ್ನು ಪಟ್ಟಿಯಲ್ಲಿ ಪ್ರತ್ಯೇಕವಾಗಿ ಬರೆಯಿರಿ. ಮಾರ್ಚ್ 31 ಆದಮೇಲೆ ಕೇಳುವ ಹಣಬಳಕೆ ಪ್ರಮಾಣಪತ್ರಕ್ಕೆ ಇದೇ ಪಟ್ಟಿ ಆಧಾರ, ಮತ್ತು ಆ ಪ್ರಮಾಣಪತ್ರ ತಡವಾದರೆ ಮುಂದಿನ ಕಂತು ಬರುವುದಿಲ್ಲ.