ಗುಂಡಿದ್ದ ಕೊಳವೆ, ಗುಂಡಿಲ್ಲದ ಕೊಳವೆ

ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ ಕೆಮ್ಮು ಬಂದರೆ ಏನು ಮಾಡಬೇಕೆಂಬುದನ್ನು ನನ್ನಂಥ ರೋಗಿಗಳು ಬಹಳ ಬೇಗ ಕಲಿತುಬಿಡುತ್ತಾರೆ. ಬಾಯಿಗೆ ಬಂದದ್ದನ್ನು ಸದ್ದಿಲ್ಲದೆ ನುಂಗಿ, ಅದರ ಮೇಲೊಂದು ಗುಟುಕು ನೀರು ಕುಡಿಯುತ್ತಾರೆ. ತಂಗಿಯ ಮೊಮ್ಮಗಳ ನಾಮಕರಣದ ದಿನ ನಾನು ಮಾಡಿದ್ದೂ ಅಷ್ಟೇ. ಆದರೆ ಆ ದಿನ ನನ್ನ ಕಫದ ಮೇಲೆ ನನಗೆ ಹಕ್ಕಿರಲಿಲ್ಲ. ಬೆಳಿಗ್ಗೆ ಎಂಟರಿಂದ ಮರುದಿನ ಬೆಳಿಗ್ಗೆ ಎಂಟರವರೆಗೆ ಬಂದದ್ದೆಲ್ಲವನ್ನೂ, ಹೆಸರಿನ ಬದಲು ಬರೀ ಸಂಖ್ಯೆ ಬರೆದಿದ್ದ ಡಬ್ಬಿಯೊಂದಕ್ಕೆ ಹಾಕುತ್ತೇನೆಂದು ವೈದ್ಯಕೀಯ ಅಧ್ಯಯನವೊಂದರ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದೆ.

ನನಗೆ 2003ರಲ್ಲಿ ಕ್ಷಯ ಬಂದಿತ್ತು. ಆರು ತಿಂಗಳು ಮಾತ್ರೆ ನುಂಗಿ ಗುಣವಾದೆ. ರೋಗಾಣು ಹೋಯಿತು, ಅದು ಮಾಡಿದ ಗಾಯ ಮಾತ್ರ ಉಳಿಯಿತು. ಎಡ ಶ್ವಾಸಕೋಶದೊಳಗೆ ಶ್ವಾಸನಾಳದ ಕೆಲವು ಕವಲುಗಳು ಹಿಗ್ಗಿ, ಮತ್ತೆ ಕುಗ್ಗದಂತಾದವು. ವೈದ್ಯರು ಇದನ್ನು ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ. ಹಿಗ್ಗಿದ ಕವಲಿನಲ್ಲಿ ಕಫ ನಿಲ್ಲುತ್ತದೆ, ನಿಂತ ಕಫದಲ್ಲಿ ಸೋಂಕು ಬೆಳೆಯುತ್ತದೆ, ಸೋಂಕು ಗೋಡೆಯನ್ನು ಇನ್ನಷ್ಟು ಸಡಿಲಗೊಳಿಸುತ್ತದೆ. ಇದು ಅಪರೂಪದ ಕಥೆಯೇನಲ್ಲ. ಭಾರತದ 2,195 ಬ್ರಾಂಕಿಯೆಕ್ಟಾಸಿಸ್ ರೋಗಿಗಳ ವಿವರ ಕಲೆಹಾಕಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂವರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ ಹಿಂದೆ ಬಂದು ಹೋದ ಕ್ಷಯವೇ ಮೂಲವಾಗಿತ್ತು.

ಮೂರು ತಿಂಗಳಿಗೊಮ್ಮೆ ನಾನು ಹೋಗುವ ಆಸ್ಪತ್ರೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ತಮ್ಮ ಪ್ರಬಂಧಕ್ಕಾಗಿ ನನ್ನಂಥವರನ್ನು ಹುಡುಕುತ್ತಿದ್ದರು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕೊಳವೆಯೊಂದನ್ನು ದಿನಕ್ಕೆರಡು ಬಾರಿ ಊದಿದರೆ ಕಫ ಎಷ್ಟು ಹೆಚ್ಚು ಹೊರಬರುತ್ತದೆ ಎಂಬುದು ಅವರ ಪ್ರಶ್ನೆ. ಕೊಳವೆ ನೋಡಲು ಅಜ್ಜನ ಕಾಲದ ಚಿಲುಮೆಯಂತಿತ್ತು. ಅದರ ತಲೆಯೊಳಗೆ ಶಂಕುವಿನಾಕಾರದ ಗುಳಿ, ಗುಳಿಯಲ್ಲೊಂದು ಉಕ್ಕಿನ ಗುಂಡು, ಮೇಲೆ ತೂತುಗಳ ಮುಚ್ಚಳ. ಊದಿದಾಗ ಉಸಿರು ಗುಂಡನ್ನು ಮೇಲೆತ್ತುತ್ತದೆ, ಗುಂಡು ತನ್ನ ಭಾರಕ್ಕೆ ಮತ್ತೆ ಬೀಳುತ್ತದೆ. ಸೆಕೆಂಡಿಗೆ ಹತ್ತು ಹದಿನೈದು ಸಲ ಈ ಏಳುಬೀಳು ನಡೆದು ಎದೆಯೊಳಗಿನ ಗಾಳಿಯೆಲ್ಲ ನಡುಗುತ್ತದೆ. ಗುಂಡು ಒಡ್ಡುವ ತಡೆಯಿಂದಾಗಿ ಸಣ್ಣ ಕವಲುಗಳು ಉಸಿರು ಬಿಡುವಾಗ ಮುಚ್ಚಿಕೊಳ್ಳದೆ ತೆರೆದೇ ಇರುತ್ತವೆ, ನಡುಕದಿಂದಾಗಿ ಗೋಡೆಗಂಟಿದ ಕಫ ಸಡಿಲವಾಗುತ್ತದೆ. ಕೊಳವೆಯನ್ನು ತುಸು ಮೇಲೆ ಕೆಳಗೆ ಓರೆ ಮಾಡುತ್ತ, ಪಕ್ಕೆಯ ಮೇಲಿಟ್ಟ ಕೈಗೆ ನಡುಕ ಗಟ್ಟಿಯಾಗಿ ತಾಗುವ ಕೋನವನ್ನು ನಾವೇ ಕಂಡುಕೊಳ್ಳಬೇಕು. ಕೆನ್ನೆ ಉಬ್ಬಿಸಬಾರದು, ಉಬ್ಬಿಸಿದರೆ ನಡುಕವೆಲ್ಲ ಕೆನ್ನೆಯಲ್ಲೇ ಮುಗಿದುಹೋಗುತ್ತದೆ. ಇದನ್ನು ಕಲಿಯಲು ನನಗೆ ಮೂರು ದಿನ ಬೇಕಾಯಿತು, ಅಷ್ಟೂ ದಿನ ಮನೆಯ ಮಕ್ಕಳಿಗೆ ನಾನು ಜಾತ್ರೆಯ ಪೀಪಿಯವನಾಗಿದ್ದೆ.

ಮಕ್ಕಳ ತಮಾಷೆ ಪೂರ್ತಿ ಅಸಂಗತವೇನಲ್ಲ. ಅಮೆರಿಕದ ಬಫಲೋ ನಗರದಲ್ಲಿ ನಿಜಕ್ಕೂ ಪೀಪಿಯಂಥದೇ ಉಪಕರಣವೊಂದು ಹುಟ್ಟಿದೆ. ‘ಲಂಗ್ ಫ್ಲೂಟ್’ ಎಂಬ ಆ ಉದ್ದನೆಯ ಪ್ಲಾಸ್ಟಿಕ್ ಕೊಳವೆಯಲ್ಲಿ ಗುಂಡಿನ ಬದಲು ತೆಳು ಹಾಳೆಯ ನಾಲಿಗೆಯೊಂದಿದೆ. ಒಣಕೆಮ್ಮಿನವರಿಂದ ಪರೀಕ್ಷೆಗೆ ಕಫ ಪಡೆಯುವುದಕ್ಕೂ ಅದನ್ನು ಬಳಸಿದ್ದಾರೆ. 2003ರಲ್ಲಿ ‘ಕಫ ಕೊಡಿ’ ಎಂದು ಕೈಗೆ ಡಬ್ಬಿ ಕೊಟ್ಟಾಗ ನಾಚಿಕೆಯಿಂದ ಬರೀ ಜೊಲ್ಲು ತುಂಬಿಸಿ ಕೊಟ್ಟು, ‘ಇದು ಉಗುಳು, ಕಫ ಬೇಕು’ ಎಂದು ಎಲ್ಲರೆದುರು ಅನ್ನಿಸಿಕೊಂಡ ನನಗೆ ಅಂಥದೊಂದು ಕೊಳವೆಯ ಬೆಲೆ ಚೆನ್ನಾಗಿ ಗೊತ್ತು.

ನಮ್ಮ ಅಧ್ಯಯನದಲ್ಲಿ ಎರಡು ಅವಧಿಗಳಿದ್ದವು. ನಾಲ್ಕು ವಾರ ಒಂದು ಕೊಳವೆ, ಎರಡು ವಾರ ಬಿಡುವು, ಮತ್ತೆ ನಾಲ್ಕು ವಾರ ಇನ್ನೊಂದು. ಎರಡರಲ್ಲಿ ಒಂದು ಹುಸಿ. ಹೊರಗಿನಿಂದ ಒಂದೇ ಥರ, ಒಳಗೆ ಮಾತ್ರ ಗುಂಡಿಲ್ಲ. ಮಾತ್ರೆಗಾದರೆ ಅದೇ ಬಣ್ಣದ ಸಕ್ಕರೆ ಮಾತ್ರೆ ಮಾಡಬಹುದು, ರೋಗಿಗೆ ಸುಳಿವೂ ಸಿಗುವುದಿಲ್ಲ. ನಡುಕವನ್ನು ಬಚ್ಚಿಡುವುದು ಹೇಗೆ? ಬಸ್ಸಿನಲ್ಲಿ ಮನೆಗೆ ಬರುವಾಗ ಚೀಲ ಅಲುಗಾಡಿಸಿದೆ. ಮೊದಲ ಸಲ ಗುಂಡು ಲೊಟಲೊಟ ಎಂದಿತು. ಆರು ವಾರಗಳ ನಂತರ ಅಲುಗಾಡಿಸಿದಾಗ ಸದ್ದೇ ಇರಲಿಲ್ಲ. ಅಲ್ಲಿಗೆ ನನ್ನ ಮಟ್ಟಿಗೆ ಗುಟ್ಟು ಮುಗಿಯಿತು. ಡಬ್ಬಿಯ ಕಫವನ್ನು ತೂಕ ಮಾಡುವವರಿಗೆ ಮಾತ್ರ ಯಾವ ಡಬ್ಬಿ ಯಾವ ಕೊಳವೆಯದೆಂದು ಗೊತ್ತಿರಲಿಲ್ಲ.

ಗುಂಡಿದ್ದ ಕೊಳವೆಯಿಂದ ನನಗೆ ನಿಜವಾಗಿಯೂ ಹಿತವೆನಿಸಿತ್ತು. ರಾತ್ರಿಯ ಕೆಮ್ಮು ಕಡಿಮೆಯಾಗಿತ್ತು. ಆ ಹುಡುಗಿಯ ಶ್ರದ್ಧೆಯ ಮೇಲೂ ಅಭಿಮಾನ ಬಂದಿತ್ತು. ಹೀಗಾಗಿ ಮೊದಲ ಅವಧಿಯ ಕೊನೆಯ ದಿನ ಡಬ್ಬಿ ಹಿಡಿದು ಕುಳಿತಾಗ, ಕಫ ಬಂದಾಗಲೆಲ್ಲ ಅದರ ಜೊತೆಗೆ ಧಾರಾಳವಾಗಿ ಉಗುಳನ್ನೂ ಸೇರಿಸಿದೆ. ಮೋಸ ಮಾಡುತ್ತಿದ್ದೇನೆಂದು ಅನಿಸಲೇ ಇಲ್ಲ, ಚೊಕ್ಕವಾಗಿ ಕೆಲಸ ಮಾಡುತ್ತಿದ್ದೇನೆಂದೇ ಅನಿಸಿತು. ಎರಡನೆಯ ಅವಧಿಯ ಕೊನೆಯ ದಿನ ನಾಮಕರಣ ಬಂತು. ಡಬ್ಬಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡೇ ಹೋಗಿದ್ದೆ. ಹಿತ್ತಲಿಗೆ ಎರಡು ಬಾರಿ ಎದ್ದು ಹೋದೆ. ಮೂರನೆಯ ಬಾರಿ ಬೀಗರು ಎದುರಿಗಿದ್ದರು, ಎಲೆಯ ಮೇಲೆ ಹೋಳಿಗೆ ಬಿದ್ದಿತ್ತು. ನುಂಗಿದೆ. ಸಂಜೆಯವರೆಗೆ ಇನ್ನೂ ನಾಲ್ಕೈದು ಬಾರಿ ನುಂಗಿದೆ.

ಮರುದಿನ ಡಬ್ಬಿ ಒಪ್ಪಿಸುವಾಗ ಸುಮ್ಮನಿರಬಹುದಿತ್ತು. ಆದರೆ ಆ ವಿದ್ಯಾರ್ಥಿನಿ ಅಚ್ಚಾದ ಹಾಳೆ ನೋಡಿ, ‘ನಿನ್ನೆ ಏನಾದರೂ ನುಂಗಿದಿರಾ?’ ಎಂದು ಬಿಡಿಸಿ ಕೇಳಿದರು. ಹೇಳಿಬಿಟ್ಟೆ. ಹೇಳುವ ಭರದಲ್ಲಿ ಮೊದಲ ಅವಧಿಯ ಉಗುಳಿನ ಕಥೆಯೂ ಹೊರಬಿತ್ತು.

ಅವರು ಸಿಡುಕಲಿಲ್ಲ. ಕಾಗದದ ಮೇಲೆ ತಕ್ಕಡಿಯೊಂದರ ಚಿತ್ರ ಬರೆದರು. ಒಬ್ಬರು ಈ ದಿನ ನುಂಗುತ್ತಾರೆ, ಮತ್ತೊಬ್ಬರು ಆ ದಿನ ನುಂಗುತ್ತಾರೆ. ಅಂಥ ತಪ್ಪುಗಳು ಎರಡೂ ತಟ್ಟೆಗೆ ಚೆದುರಿ ಬೀಳುವುದರಿಂದ ಸಾಕಷ್ಟು ಜನರಿದ್ದರೆ ಅಧ್ಯಯನ ಅವನ್ನು ತಾಳಿಕೊಳ್ಳುತ್ತದೆ ಎಂದರು. ‘ನಿಮ್ಮ ಎರಡು ತಪ್ಪುಗಳು ಮಾತ್ರ ಒಂದೇ ತಟ್ಟೆಗೆ ಬಿದ್ದಿವೆ, ನೋಡಿ’ ಎಂದರು. ನಾನು ನೋಡಿದೆ. ಗುಂಡಿದ್ದ ದಿನ ಇಲ್ಲದ್ದನ್ನು ಸೇರಿಸಿದ್ದೆ, ಗುಂಡಿಲ್ಲದ ದಿನ ಇದ್ದದ್ದನ್ನು ನುಂಗಿದ್ದೆ. ಬೀಗರ ಸಂಕೋಚ ನಿಜವಾದರೂ, ಮೊದಲ ಅವಧಿಯಲ್ಲಾಗಿದ್ದರೆ ಹೋಳಿಗೆ ಬಿಟ್ಟು ಹಿತ್ತಲಿಗೆ ಓಡುತ್ತಿದ್ದೆನೇನೋ ಎಂಬ ಅನುಮಾನ ನನಗೇ ಬಂತು.

ಆಮೇಲೆ ಅವರು ಹೇಳಿದ್ದನ್ನು ನಾನು ಬಹಳ ಆಸಕ್ತಿಯಿಂದ ಕೇಳಿದೆ. ಜೊಲ್ಲಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ ಇರುವುದರಿಂದ, ಡಬ್ಬಿಯಲ್ಲಿ ಬಂದದ್ದನ್ನು ಒಣಗಿಸಿ ಮತ್ತೊಮ್ಮೆ ತೂಗುವ ಪದ್ಧತಿಯಿದೆ. ಹಾಗಾಗಿ ಉಗುಳಿನ ಹಾನಿ ಸ್ವಲ್ಪ ತಗ್ಗುತ್ತದೆ. ನುಂಗಿದ್ದಕ್ಕೆ ಅಂಥ ಉಪಾಯವಿಲ್ಲ. ಕಫದ ತೂಕವೊಂದನ್ನೇ ನಂಬದೆ ಕೆಮ್ಮಿನ ತೊಂದರೆಯ ಬಗ್ಗೆ ಹತ್ತೊಂಬತ್ತು ಪ್ರಶ್ನೆಗಳ ಪಟ್ಟಿಯನ್ನೂ ತುಂಬಿಸುವುದು ಈ ಕಾರಣಕ್ಕೇ. 2009ರಲ್ಲಿ ಎಡಿನ್‌ಬರೋದ ವೈದ್ಯರು ಇಪ್ಪತ್ತು ಮಂದಿಗೆ ಇಂಥದೇ ಇನ್ನೊಂದು ಉಪಕರಣ ಕೊಟ್ಟು ಮಾಡಿದ ಅಧ್ಯಯನದಲ್ಲೂ ಕಫದ ಪ್ರಮಾಣ, ಕೆಮ್ಮಿನ ಪ್ರಶ್ನೆಗಳು ಎರಡನ್ನೂ ಅಳೆದಿದ್ದರು, ಎರಡರಲ್ಲೂ ಸುಧಾರಣೆ ಕಂಡಿತ್ತು. ಪ್ರಶ್ನೆಗಳಿಗೂ ನಾನು ಅಭಿಮಾನದಿಂದಲೇ ಉತ್ತರ ಕೊಟ್ಟಿರಬಹುದಲ್ಲವೇ ಎಂದೆ. ಅವರು ಪೆನ್ನು ಕೆಳಗಿಟ್ಟು, ‘ಇರಬಹುದು’ ಎಂದರು.

ಮೊದಲ ಡಬ್ಬಿಯ ಬಗ್ಗೆ ಮಾಡುವಂಥದ್ದೇನೂ ಉಳಿದಿರಲಿಲ್ಲ, ನಿಯಮದಿಂದ ಆಚೀಚೆಯಾದದ್ದನ್ನು ದಾಖಲಿಸುವ ಹಾಳೆಯಲ್ಲಿ ನಾನು ಹೇಳಿದಂತೆಯೇ ಬರೆದುಕೊಂಡರು. ಎರಡನೆಯದನ್ನು ಮೂರು ದಿನಗಳೊಳಗೆ ಮತ್ತೊಮ್ಮೆ ಸಂಗ್ರಹಿಸಲು ನಿಯಮದಲ್ಲೇ ಅವಕಾಶವಿತ್ತು. ಹೊಸ ಡಬ್ಬಿ ತಂದೆ. ಮರುದಿನ ಎಲ್ಲಿಗೂ ಹೋಗದೆ ಜಗಲಿಯಲ್ಲಿ ಕುಳಿತು ಗುಂಡಿಲ್ಲದ ಕೊಳವೆಯನ್ನೇ ನಿಯಮದಂತೆ ಊದಿದೆ. ಕಫ ಬಂದಾಗ ಮೊದಲು ಉಗುಳನ್ನು ಬಚ್ಚಲಿಗೆ ಉಗಿದು, ಆಮೇಲೆ ಡಬ್ಬಿಯ ಮುಚ್ಚಳ ತೆರೆದೆ. ಮಧ್ಯಾಹ್ನ ಬಂದ ಪಕ್ಕದ ಮನೆಯವರೆದುರೂ ತೆರೆದೆ. ಅವರು ಬೇಗ ಎದ್ದು ಹೋದರು.

ಡಬ್ಬಿ ಒಪ್ಪಿಸಿದ ದಿನ, ತೂಕ ಮಾಡುವ ಹುಡುಗ ಬಂದು ನನ್ನ ಮುಖವನ್ನೂ ನೋಡದೆ ಡಬ್ಬಿಯ ಮೇಲಿನ ಸಂಖ್ಯೆಯನ್ನಷ್ಟೇ ಗಟ್ಟಿಯಾಗಿ ಓದಿ, ಪುಸ್ತಕದಲ್ಲಿ ಬರೆದುಕೊಂಡು, ಒಳಗೆ ತೆಗೆದುಕೊಂಡು ಹೋದ. ಎಷ್ಟಿತ್ತೆಂದು ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.