ಕ್ಲಚ್ ಹೊಸದು, ಗೇರ್ ಮಾತ್ರ ಬೀಳಲ್ಲ

ಅಪ್ಪನ ಮಾರುತಿ 800ಕ್ಕೆ ಹೊಸ ಕ್ಲಚ್ ಹಾಕಿಸಿದ ದಿನವೇ, ಕ್ಲಚ್ ಇದ್ದೂ ಇಲ್ಲದ ಹಾಗೆ ಓಡಿಸಿಕೊಂಡು ಮೈಸೂರಿಂದ ಮಂಡ್ಯಕ್ಕೆ ಬಂದೆ. ಗ್ಯಾರೇಜ್ ಹುಡುಗ ಗಾಡಿ ತಿರುಗಿಸಿ ಕೊಡುವಾಗಲೇ ಗೇರ್ ಸ್ವಲ್ಪ ಕರಕರ ಅಂದಿತ್ತು. ‘ಹೊಸದು ಸಾರ್, ಟೈಟ್ ಇರುತ್ತೆ, ಓಡ್ತಾ ಓಡ್ತಾ ಸರಿಹೋಗುತ್ತೆ’ ಅಂದ. ನಾನೂ ನಂಬಿದೆ. ಹಾರ್ಡಿಂಜ್ ಸರ್ಕಲ್ ಹತ್ತಿರ ನಿಂತವನು ಮತ್ತೆ ಹೊರಡೋಣ ಅಂತ ಕ್ಲಚ್ ಪೂರ್ತಿ ಒತ್ತಿ ಫಸ್ಟ್ ಹಾಕಿದರೆ ಬೀಳಲೇ ಇಲ್ಲ. ಇನ್ನೊಂದು ಸಲ ಒತ್ತಿದೆ, ಕರ್ರ್ ಅಂತು. ಹಿಂದೆ ಬಸ್ಸಿನ ಹಾರನ್ನು. ಕೊನೆಗೆ ಇಂಜಿನ್ ಆರಿಸಿ, ಫಸ್ಟ್ ಗೇರ್‌ಗೆ ಹಾಕಿ, ಕ್ಲಚ್ ಒತ್ತಿಕೊಂಡೇ ಕೀ ತಿರುಗಿಸಿದೆ. ಗಾಡಿ ಕುರಿಮರಿ ಥರ ಮುಂದಕ್ಕೆ ಜಿಗಿದು ಸ್ಟಾರ್ಟ್ ಆಯಿತು.

ಅಲ್ಲಿಂದ ಮಂಡ್ಯದವರೆಗೆ ಇದೇ ಕಥೆ. ನಿಂತರೆ ಇಂಜಿನ್ ಆಫ್, ಹೊರಟರೆ ಜಿಗಿತ. ಶ್ರೀರಂಗಪಟ್ಟಣದಲ್ಲಿ ಕಾಫಿ ಕುಡಿಯೋಣ ಅನ್ನಿಸಿತು, ಆದರೆ ನಿಲ್ಲಿಸುವ ಧೈರ್ಯ ಬರಲಿಲ್ಲ. ಹಳೇ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರ್ ಹಿಂದೆ ಸಿಕ್ಕಿಕೊಂಡಾಗಲಂತೂ ಮನೆದೇವರೆಲ್ಲಾ ನೆನಪಾದರು.

ಕ್ಲಚ್ ಬದಲಾಯಿಸಿದ್ದು ಯಾಕೆ ಅಂದರೆ ಹಳೇದು ಜಾರುತ್ತಿತ್ತು. ಚಾಮುಂಡಿ ಬೆಟ್ಟ ಹತ್ತುವಾಗ ಇಂಜಿನ್ ಕಿರುಚುತ್ತೆ, ಗಾಡಿ ಮಾತ್ರ ಮೇಲೆ ಹೋಗಲ್ಲ, ಒಳಗೆಲ್ಲಾ ಸುಟ್ಟ ವಾಸನೆ. ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕೂರುವ ಕ್ಲಚ್ ಪ್ಲೇಟ್ ಸವೆದಿತ್ತು, ಅದರಲ್ಲಿ ಅನುಮಾನ ಇರಲಿಲ್ಲ. 800ರ ತಯಾರಿಕೆ 2014ರಲ್ಲೇ ನಿಂತರೂ ಕ್ಲಚ್ ಸೆಟ್ ಸುಲಭವಾಗಿ ಸಿಕ್ಕಿತು. ಪ್ಲೇಟ್, ಅದನ್ನು ಇಂಜಿನ್ ಕಡೆಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರೂ ಹೊಸದು. ಪೆಡಲ್ ತುಂಬಾ ಗಟ್ಟಿ ಇದೆ ಅಂತ ನಾನು ಹೇಳಿದ್ದಕ್ಕೆ ಬೇರಿಂಗನ್ನು ತಳ್ಳುವ ರಿಲೀಸ್ ಶಾಫ್ಟಿನ ಬುಷ್ (ಶಾಫ್ಟ್ ತಿರುಗೋಕೆ ಕೂರಿಸುವ ಬಳೆ) ಕೂಡ ಬದಲಾಯಿಸಿದ್ದರು. ಈ ಬುಷ್ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮನೆಗೆ ಬಂದು ಗ್ಯಾರೇಜ್‌ಗೆ ಫೋನ್ ಮಾಡಿದರೆ ‘ಕೇಬಲ್ ಟೈಟ್ ಮಾಡಿಸಿ’ ಅಂದರು. ಮಾತು ತಪ್ಪಲ್ಲ. ಪ್ಲೇಟ್ ಸವೆಯುತ್ತಾ ಹೋದಂತೆ ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳು ಗೇರ್‌ಬಾಕ್ಸ್ ಕಡೆಗೆ ಸರಿಯುತ್ತವೆ. ದಪ್ಪಗಿರುವ ಹೊಸ ಪ್ಲೇಟ್ ಹಾಕಿದ ತಕ್ಷಣ ಅವೇ ಬೆರಳುಗಳು ಇಂಜಿನ್ ಕಡೆಗೆ ವಾಪಸ್ ಹೋಗುತ್ತವೆ. ಅಂದರೆ ರಿಲೀಸ್ ಬೇರಿಂಗ್ ಅವನ್ನು ಮುಟ್ಟೋಕೆ ಮೊದಲಿಗಿಂತ ಜಾಸ್ತಿ ದೂರ ಹೋಗಬೇಕು. ಹಳೇ ಪ್ಲೇಟಿಗೆ ಹೊಂದಿಸಿದ ಕೇಬಲ್ ಹೊಸದಕ್ಕೆ ಸಡಿಲವಾಗಿಯೇ ಇರುತ್ತೆ.

ಸರಿ ಅಂತ ಸಂಜಯ ಸರ್ಕಲ್ ಹತ್ತಿರದ ಒಬ್ಬ ಮೆಕ್ಯಾನಿಕ್ ಹುಡುಗನ್ನ ಮನೆಗೇ ಕರೆಸಿದೆ. ಅವನು ನಟ್ ಬಿಗಿ ಮಾಡಲು ಹೋದರೆ ಅದು ಆಗಲೇ ಕೊನೇ ಥ್ರೆಡ್‌ನಲ್ಲಿತ್ತು. ‘ಕೇಬಲ್ ಎಳೆದುಬಿಟ್ಟಿದೆ ಅಣ್ಣ, ಹೊಸದು ಹಾಕಣ’ ಅಂದ. ಹೊಸದೂ ಹಾಕಿದ. ಅದರ ನಟ್ಟೂ ಕೊನೇ ಥ್ರೆಡ್‌ಗೇ ಹೋಗಿ ನಿಂತಿತು. ಗೇರ್ ಮತ್ತೆ ಕರ್ರ್. ಗ್ಯಾರೇಜ್‌ನವರಿಗೆ ಹೇಳಿದರೆ, ‘ಹಂಗಾದ್ರೆ ಪ್ಲೇಟ್ ಉಲ್ಟಾ ಕೂತಿರಬೇಕು, ತಂದು ಬಿಡಿ, ಗೇರ್‌ಬಾಕ್ಸ್ ಇಳಿಸಿ ನೋಡ್ತೀವಿ’ ಅಂದರು. ಎರಡು ದಿನದ ಕೆಲಸ. ಲೇಬರ್ ಯಾರು ಕೊಡಬೇಕು ಅನ್ನೋ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಭಾನುವಾರ ಮಾವ ಬಂದರು. ಅಮ್ಮನ ತಮ್ಮ, ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಊಟಕ್ಕೆ ಕೂರುವ ಮೊದಲೇ ಬಾನೆಟ್ ಎತ್ತಿಸಿದರು.

‘ಇಂಜಿನ್ ಆಫ್ ಮಾಡಿ ಗೇರ್ ಹಾಕು.’ ಎಲ್ಲಾ ಗೇರೂ ಬೆಣ್ಣೆ ಥರ ಬಿದ್ದವು. ಅಂದರೆ ಗೇರ್‌ಬಾಕ್ಸ್‌ದು ತಪ್ಪಿಲ್ಲ.

‘ಈಗ ಸ್ಟಾರ್ಟ್ ಮಾಡು. ಕ್ಲಚ್ ಪೂರ್ತಿ ಒತ್ತು. ಹತ್ತರವರ್ಗೂ ಎಣಿಸಿ ರಿವರ್ಸ್ ಹಾಕು.’ ಕರ್ರ್. ಈ ಹತ್ತು ಎಣಿಸೋದಕ್ಕೂ ರಿವರ್ಸೇ ಹಾಕೋದಕ್ಕೂ ಕಾರಣ ಇದೆ. ಪ್ಲೇಟ್ ನಿಜವಾಗಿ ಇಂಜಿನ್ ಹಿಡಿತದಿಂದ ಬಿಟ್ಟುಕೊಂಡಿದ್ದರೆ (ಕ್ಲಚ್ ಬಿಡೋದು ಅಂದರೆ ಇದೇ) ಅಷ್ಟು ಹೊತ್ತಿಗೆ ಗೇರ್‌ಬಾಕ್ಸ್ ಒಳಗಿನ ಶಾಫ್ಟ್ ತಿರುಗಿ ತಿರುಗಿ ನಿಂತಿರುತ್ತೆ. ಈ ಗಾಡಿಯ ರಿವರ್ಸ್‌ಗೆ ಸಿಂಕ್ರೊ, ಅಂದರೆ ಗೇರ್ ಬೀಳುವ ಮೊದಲು ಎರಡರ ವೇಗ ಸಮ ಮಾಡುವ ಭಾಗ, ಇಲ್ಲ, ಹಾಗಾಗಿ ಶಾಫ್ಟ್ ಒಂಚೂರು ತಿರುಗುತ್ತಿದ್ದರೂ ಹಲ್ಲು ಕಡಿಯುತ್ತೆ. ನೀವೂ ಮಾಡಿ ನೋಡಬಹುದು, ಮುಂದೆ ಹಿಂದೆ ಜಾಗ ಖಾಲಿ ಇರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ.

‘ಹಂಗಾದ್ರೆ ಗೇರ್‌ಬಾಕ್ಸ್ ಇಳಿಸಲೇಬೇಕಾ ಮಾವ?’

‘ಅದು ಆಮೇಲೆ ಕಣ್ಲಾ. ಮೊದ್ಲು ಒಂದು ಸ್ಕೇಲ್ ತಕಬಾ.’

ಮಗಳ ಜಾಮಿಟ್ರಿ ಬಾಕ್ಸಿನಿಂದ 15 ಸೆಂಟಿಮೀಟರಿನ ಪ್ಲಾಸ್ಟಿಕ್ ಸ್ಕೇಲ್ ತಂದೆ.

ನನಗೆ ಅವತ್ತಿನವರೆಗೂ ಕ್ಲಚ್ ಅಂದರೆ ಪೆಡಲಿಂದ ಪ್ಲೇಟ್‌ವರೆಗೆ ಒಂದೇ ವಸ್ತು. ಮಾವನ ತಲೆಯಲ್ಲಿ ಅದು ಎರಡು ತುಂಡು. ಪೆಡಲ್, ಕೇಬಲ್, ಗೇರ್‌ಬಾಕ್ಸ್ ಪಕ್ಕದಲ್ಲಿ ಹೊರಗೆ ಕಾಣುವ ರಿಲೀಸ್ ಆರ್ಮ್, ಇಷ್ಟು ಹೊರಗಿನ ತುಂಡು. ಆರ್ಮ್ ಕೂತಿರುವ ಶಾಫ್ಟ್, ಅದರ ಫೋರ್ಕ್, ಬೇರಿಂಗ್, ಪ್ರೆಷರ್ ಪ್ಲೇಟ್, ಪ್ಲೇಟ್ ಒಳಗಿನ ತುಂಡು. ಆರ್ಮ್ ಸರಿಯಾಗಿ ಪೂರ್ತಿ ಎಳೆದರೂ ಕ್ಲಚ್ ಬಿಡಲಿಲ್ಲ ಅಂದರೆ ರೋಗ ಒಳಗಿದೆ, ಆಗ ಗೇರ್‌ಬಾಕ್ಸ್ ಇಳಿಸು. ಆರ್ಮೇ ಸರಿಯಾಗಿ ಎಳೆಯುತ್ತಿಲ್ಲ ಅಂದರೆ ಗೇರ್‌ಬಾಕ್ಸ್ ಮುಟ್ಟಬೇಡ. ಅದಕ್ಕೇ ಸ್ಕೇಲು.

ಅವರು ಮೊದಲು ಆರ್ಮನ್ನು ಬರೀ ಕೈಯಲ್ಲಿ ಅಲ್ಲಾಡಿಸಿದರು. ಪಕ್ಕದಲ್ಲಿ ಸ್ಕೇಲ್ ಹಿಡಿದೆ. ಯಾವ ಬಲವೂ ಇಲ್ಲದೆ ಸುಮ್ನೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಬಂತು. ‘ಎರಡು ಮೂರು ಮಿಲಿಮೀಟರ್ ಆಡಿದ್ರೆ ಸಾಕು’ ಅಂದರು. ಆಮೇಲೆ ಅವರು ಒಳಗೆ ಕೂತು ಪೆಡಲ್ ಒತ್ತಿದರು, ನಾನು ಅಳೆದೆ. ಒಟ್ಟು ಮೂರು ಸೆಂಟಿಮೀಟರ್ ಹತ್ತಿರ. ಅಂದರೆ ಪೆಡಲಿನ ಓಟದಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಗಾಳಿಯಲ್ಲೇ ಹೋಗುತ್ತಿತ್ತು. ಆರ್ಮ್ ಅಷ್ಟು ದೂರ ಬಂದ ಮೇಲೆ ಬೇರಿಂಗ್ ಬೆರಳುಗಳನ್ನು ಮುಟ್ಟುತ್ತಿತ್ತು. ಉಳಿದ ಓಟ ಪ್ಲೇಟ್ ಬಿಡಿಸೋಕೆ ಸಾಲುತ್ತಿರಲಿಲ್ಲ.

ಆದರೆ ಕೇಬಲ್ ನಟ್ ಕೊನೇವರೆಗೂ ಹೋಗಿದೆಯಲ್ಲ, ಇನ್ನೆಲ್ಲಿ ಬಿಗಿ ಮಾಡೋದು? ಮಾವ ಹಿಡಿದುಕೊಂಡದ್ದು ಇದನ್ನೇ.

‘ಹೊಸ ಕೇಬಲ್ ನಟ್ಟು ಕೊನೇ ಥ್ರೆಡ್‌ಗೆ ಯಾಕ್ಲಾ ಹೋಗ್ಬೇಕು? ಅದು ಮುಂದಕ್ಕೆ ಬಿಗಿಯೋಕೆ ಜಾಗ ಇಟ್ಕೊಂಡೇ ಬತ್ತದೆ. ಆರ್ಮು ಬಿಚ್ಚಿದ್ರಾ ಅವ್ರು?’

ಆಗ ಬುಷ್ ನೆನಪಾಯಿತು. ಬುಷ್ ಹಾಕಬೇಕಾದರೆ ಶಾಫ್ಟ್ ಎಳೆಯಬೇಕು, ಶಾಫ್ಟ್ ಎಳೆಯಬೇಕಾದರೆ ಆರ್ಮ್ ಬಿಚ್ಚಬೇಕು.

ಶಾಫ್ಟಿನ ತುದಿಯಲ್ಲಿ ಸುತ್ತಲೂ ಸಣ್ಣ ಸಣ್ಣ ಹಲ್ಲುಗಳಿವೆ, ಆರ್ಮಿನ ತೂತಿನ ಒಳಗೂ ಅಷ್ಟೇ. ಎರಡೂ ಕೂತ ಮೇಲೆ ಒಂದು ಬೋಲ್ಟ್ ಹಿಡಿದುಕೊಳ್ಳುತ್ತೆ. ತೊಂದರೆ ಏನೆಂದರೆ ಅದನ್ನು ಒಂದು ಹಲ್ಲು ಆಚೆ ಈಚೆ ಹೇಗೆ ಕೂರಿಸಿದರೂ ಕೂರುತ್ತೆ, ಬೋಲ್ಟೂ ಬಿಗಿಯಾಗುತ್ತೆ, ನೋಡೋಕೆ ಏನೂ ತಪ್ಪು ಕಾಣಲ್ಲ. ಮಾವ ಸೀಮೆಎಣ್ಣೆ ಬಟ್ಟೆಯಲ್ಲಿ ಕೊಳೆ ಒರೆಸಿ ಟಾರ್ಚ್ ಬಿಟ್ಟರು. ಶಾಫ್ಟ್ ಮೇಲೆ ಸಾಸಿವೆ ಕಾಳಿನಷ್ಟು ಒಂದು ಪಂಚ್ ಚುಕ್ಕಿ. ಆರ್ಮ್ ಮೇಲೆ ಇನ್ನೊಂದು. ಎರಡೂ ಎದುರುಬದುರು ಇರಬೇಕು. ನಮ್ಮದರಲ್ಲಿ ಒಂದು ಹಲ್ಲಿನಷ್ಟು ಆಚೆ. ಅಷ್ಟಕ್ಕೇ ಆರ್ಮ್ ಮೊದಲಿಂದಲೇ ಕೇಬಲ್ ಕಡೆಗೆ ವಾಲಿಕೊಂಡು ನಿಂತಿತ್ತು, ಥ್ರೆಡ್ಡೆಲ್ಲಾ ಆ ವಾಲನ್ನು ಸರಿ ಮಾಡೋದರಲ್ಲೇ ಮುಗಿದುಹೋಗಿತ್ತು.

ಕೇಬಲ್ ಸಡಿಲ ಮಾಡಿ, ಬೋಲ್ಟ್ ತೆಗೆದು, ಆರ್ಮ್ ಎಳೆದು, ಚುಕ್ಕಿಗೆ ಚುಕ್ಕಿ ಸೇರಿಸಿ ತಳ್ಳಿದೆವು. ಅರ್ಧ ಗಂಟೆ ಕೂಡ ಆಗಲಿಲ್ಲ. ಈಗ ನಟ್ ಥ್ರೆಡ್ಡಿನ ನಡುವೆ ಎಲ್ಲೋ ನಿಂತಿತು. ಹತ್ತು ಎಣಿಸಿ ರಿವರ್ಸ್ ಹಾಕಿದೆ. ಸದ್ದೇ ಇಲ್ಲ.

ಊಟ ಮಾಡುತ್ತಾ, ಒಳಗೆ ಏನೇನು ತಪ್ಪಾಗಬಹುದಿತ್ತು ಅಂತ ಮಾವ ಹೇಳುತ್ತಾ ಹೋದರು. ಪ್ಲೇಟ್ ಉಲ್ಟಾ ಹಾಕೋದು ನಿಜಕ್ಕೂ ಆಗುತ್ತದಂತೆ. ಪ್ಲೇಟಿನ ನಡುವೆ ಸ್ಪ್ರಿಂಗ್ ಇರುವ ಉಬ್ಬು ಸಾಮಾನ್ಯವಾಗಿ ಗೇರ್‌ಬಾಕ್ಸ್ ಕಡೆಗಿರಬೇಕು, ಇಂಜಿನ್ ತುದಿಯ ಭಾರದ ಚಕ್ರ, ಅಂದರೆ ಫ್ಲೈವೀಲ್ ಕಡೆ ತಿರುಗಿದರೆ ಅಲ್ಲಿನ ಬೋಲ್ಟ್‌ಗಳಿಗೆ ತಗುಲಿ ಪ್ಲೇಟ್ ಬಿಡಲ್ಲ. ಇನ್ನೊಂದು, ಮತ್ತು ಮಾವನಿಗೆ ಜಾಸ್ತಿ ಸಿಟ್ಟು ತರಿಸುವುದು, ಗೇರ್‌ಬಾಕ್ಸ್ ಏರಿಸುವಾಗ ಅದರ ಶಾಫ್ಟ್ ಪ್ಲೇಟಿನೊಳಗೆ ಹೋದ ಮೇಲೆ ಗೇರ್‌ಬಾಕ್ಸನ್ನು ಹಾಗೇ ನೇತಾಡಲು ಬಿಟ್ಟು ಟೀ ಕುಡಿಯಲು ಹೋಗೋದು. ಅಷ್ಟೂ ಭಾರ ಪ್ಲೇಟಿನ ಮೇಲೆ ಬಿದ್ದು ಅದು ಸೊಟ್ಟಗಾಗುತ್ತೆ. ಸೊಟ್ಟ ಪ್ಲೇಟ್ ಎಷ್ಟು ಬಿಡಿಸಿದರೂ ಎಲ್ಲೋ ಒಂದು ಕಡೆ ಉಜ್ಜುತ್ತಲೇ ಇರುತ್ತೆ. ಆ ಶಾಫ್ಟಿನ ಗೀರುಗಳಿಗೆ ಗ್ರೀಸ್ ಹಚ್ಚದಿದ್ದರೆ ಪ್ಲೇಟ್ ಜಾರದೆ ಅಂಟಿಕೊಳ್ಳುತ್ತೆ, ಜಾಸ್ತಿ ಮೆತ್ತಿದರೆ ಅದೇ ಗ್ರೀಸ್ ಹಾರಿ ಪ್ಲೇಟಿನ ಲೈನಿಂಗ್, ಅಂದರೆ ಹಿಡಿತ ಕೊಡುವ ಪದರದ ಮೇಲೆ ಕೂರುತ್ತೆ.

ಕೇಬಲ್ ಬದಲು ಆಯಿಲ್ ಒತ್ತಡದಲ್ಲಿ ನಡೆಯುವ (ಹೈಡ್ರಾಲಿಕ್) ಕ್ಲಚ್ ಇರುವ ಗಾಡಿಯವರು ಮೊದಲು ಪೆಡಲನ್ನು ನಾಲ್ಕೈದು ಸಲ ಬೇಗ ಬೇಗ ಒತ್ತಿ ನೋಡಬೇಕು. ಹಾಗೆ ಒತ್ತಿದಾಗ ಗೇರ್ ಬಿದ್ದರೆ ಲೈನಿನಲ್ಲಿ ಗಾಳಿ ಸೇರಿರಬಹುದು, ಇಲ್ಲಾ ಸಿಲಿಂಡರ್ ಸೀಲ್ ಹೋಗಿರಬಹುದು. ಅವರಿಗೂ ಸ್ಕೇಲ್ ಹಿಡಿಯೋ ಕೆಲಸ ತಪ್ಪಿದ್ದಲ್ಲ, ಎಷ್ಟೋ ಗಾಡಿಯಲ್ಲಿ ಆರ್ಮನ್ನು ತಳ್ಳುವ ಸ್ಲೇವ್ ಸಿಲಿಂಡರ್ ಹೊರಗೇ ಇರುತ್ತೆ.

ಗ್ಯಾರೇಜ್‌ಗೆ ಫೋನ್ ಮಾಡಿ ಹೇಳಿದೆ. ಒಂದು ನಿಮಿಷ ಮಾತಿಲ್ಲ. ಆಮೇಲೆ ‘ಹುಡುಗ ಹೊಸಬ ಸಾರ್’ ಅಂದರು. ಹೊಸ ಕೇಬಲ್ಲಿನ ದುಡ್ಡು ಕೇಳೋಣ ಅಂತಿದ್ದೆ, ಹಳೇದು ಹೇಗೂ ಹಳೇದಾಗಿತ್ತು ಅಂತ ಬಿಟ್ಟುಬಿಟ್ಟೆ. ಸ್ಕೇಲಿನ ಮೇಲೆ ಒಂದರಿಂದ ಮೂರರವರೆಗೆ ಗ್ರೀಸ್ ಕೂತಿದೆ, ಸೋಪು ಹಾಕಿ ಉಜ್ಜಿದರೂ ಹೋಗಿಲ್ಲ. ಸೋಮವಾರ ಮ್ಯಾಥ್ಸ್ ಪೀರಿಯಡ್ ಇದೆ ಅಂತ ಮಗಳು ಮುಖ ಊದಿಸಿಕೊಂಡಿದ್ದಾಳೆ, ಸಂಜೆಯೊಳಗೆ ಬೇರೆ ತಂದುಕೊಡಬೇಕು.