ಟ್ರೈ ಅಂದ್ರೆ ಬರೀ ಪ್ರಯತ್ನ ಅಲ್ಲ

ಅಕ್ಕನ ಮಗಳು ಸ್ಕೂಲಲ್ಲಿ ಕಬಡ್ಡಿ ಆಡ್ತಾಳೆ, ಈಗ ರಗ್ಬಿ ಹುಚ್ಚು ಹಿಡ್ದಿದೆ, ರೂಲ್ಸ್ ಎಲ್ಲಾ ಇಂಗ್ಲಿಷಲ್ಲೇ ಇದೆ ಮಾಮ, ಕನ್ನಡದಲ್ಲಿ ಬರ್ದುಕೊಡು ಅಂದ್ಲು. ಮೂರು ರಾತ್ರಿಯಿಂದ ಕೂತಿದೀನಿ. 'ಟ್ರೈ' ಹತ್ರಾನೇ ಸಿಕ್ಕಾಕೊಂಡೆ, ಅಂದ್ರೆ ಎದುರಾಳಿಗಳ ಗೆರೆ ದಾಟಿ ಚೆಂಡನ್ನ ನೆಲಕ್ಕೆ ಒತ್ತೋದು. ಪ್ರಯತ್ನ ಅಂತ ಬರೆದ್ರೆ 5 ಪಾಯಿಂಟಿನ ವಿಷ್ಯ ಅಂತ ಯಾರಿಗೂ ಅನ್ಸಲ್ಲ. ಹಿಂದೆಲ್ಲಾ ಹಂಗೆ ಒತ್ತಿದ್ರೆ ಪಾಯಿಂಟೇ ಇರ್ಲಿಲ್ಲ, ಗೋಲಿಗೆ ಒದೆಯೋಕೆ ಒಂದು ಚಾನ್ಸ್ ಸಿಗ್ತಿತ್ತು ಅಷ್ಟೇ, ಅದಕ್ಕೇ ಆ ಹೆಸ್ರು. ಕೊನೆಗೆ ಟ್ರೈ ಅಂತಾನೇ ಬಿಟ್ಟು ಪಕ್ಕದಲ್ಲಿ "ಚೆಂಡನ್ನ ಒತ್ಬೇಕು, ಮೇಲಿಂದ ಬೀಳಿಸಿದ್ರೆ ಆಗಲ್ಲ" ಅಂತ ಬರ್ದೆ.

ಟ್ಯಾಕಲ್, ಅಂದ್ರೆ ಚೆಂಡು ಇರೋರನ್ನ ಹಿಡಿದು ಕೆಡವೋದು, ಅದನ್ನ ಬರೆಯೋವಾಗ ಭಯ ಆಯ್ತು. ಕಬಡ್ಡೀಲಿ ಹಿಡಿದ್ರೆ ಬಿಡೋ ಮಾತೇ ಇಲ್ಲ, ಇಲ್ಲಿ ಕೆಡವಿದ ತಕ್ಷಣ ಬಿಡ್ಲೇಬೇಕು, ಬಿದ್ದವರೂ ಚೆಂಡು ಬಿಡ್ಬೇಕು, ಕುತ್ತಿಗೆಗೆ ಕೈ ಹಾಕಂಗೇ ಇಲ್ಲ. ಇದೊಂದು ಸಾಲು ತಪ್ಪಾದ್ರೆ ಯಾವ್ದೋ ಮಗು ಕತ್ತಿಗೆ ಪೆಟ್ಟಾಗುತ್ತೆ ಅಂತ ನಾಲ್ಕು ಸಲ ತಿದ್ದಿದೀನಿ.

ಕೈಯಿಂದ ಮುಂದಕ್ಕೆ ಪಾಸ್ ಮಾಡಂಗಿಲ್ಲ ಅನ್ನೋದನ್ನ ಅರ್ಧ ಪೇಜ್ ಬರ್ದಿದ್ದೆ. ಅವಳು ಓದಿ, "ಅಂದ್ರೆ ಹಿಂದಿರೋರಿಗೆ ಕೊಡ್ತಾ ಕೊಡ್ತಾ ಮುಂದೆ ಹೋಗೋದಾ ಮಾಮ?" ಅಂದ್ಲು. ಅರ್ಧ ಪೇಜ್ ಹೊಡೆದಾಕಿ ಆ ಮಾತನ್ನೇ ಇಟ್ಕೊಂಡೆ.